ಅಕ್ಕನ ಮಾತ್ರೆ, ದೊಡ್ಡಮ್ಮನ ಪುಡಿ

‘ಸ್ಟೀರಾಯ್ಡ್’ ಎಂಬ ಹೆಸರು ಕೇಳಿದರೆ ನಮ್ಮ ಕಡೆ ಎಲ್ಲರಿಗೂ ಹೆದರಿಕೆ. ಆದರೆ ಹೆಸರು ಗೊತ್ತಿಲ್ಲದೆ ಅದನ್ನು ತಿನ್ನುವವರು, ಹಚ್ಚಿಕೊಳ್ಳುವವರು ಎಷ್ಟೋ ಮಂದಿ. ಗಂಟುನೋವಿಗೆ ಯಾರೋ ಕೊಟ್ಟ ಪೊಟ್ಟಣದ ಪುಡಿಯಲ್ಲಿ, ಮುಖ ಬೆಳ್ಳಗಾಗಲೆಂದು ಹಚ್ಚುವ ಟ್ಯೂಬಿನಲ್ಲಿ, ‘ಒಂದೇ ದಿನದಲ್ಲಿ ಉಬ್ಬಸ ಬಿಡ್ತದೆ’ ಅಂತ ಕೊಡುವ ಬಿಳಿ ಗುಳಿಗೆಯಲ್ಲಿ ಅದು ಇರಬಹುದು. ಆಗ ಯಾರೂ ಕೇಳುವುದಿಲ್ಲ. ಅದೇ ಮಣಿಪಾಲದ ಡಾಕ್ಟರು ಚೀಟಿಯಲ್ಲಿ ಬರೆದು, ‘ಇದನ್ನು ಜೀವ ಇರುವವರೆಗೆ ದಿನಾ ತೆಗೆದುಕೊಳ್ಳಬೇಕು’ ಅಂದರೆ ಮಾತ್ರ ಮನೆಗೆ ಬಂದವರೆಲ್ಲ, ‘ಬಿಡು ಮಾರಾಯ್ತಿ, ಕಿಡ್ನಿ ಹೋಗ್ತದೆ’ ಅನ್ನುತ್ತಾರೆ.

ಅಲೆವೂರಿನ ನಮ್ಮ ಓಣಿಯಲ್ಲಿ ಈ ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಒಂದು ನನ್ನ ಅಕ್ಕನ ಕಥೆ, ಇನ್ನೊಂದು ಬೇಲಿಯಾಚೆಯ ಮನೆಯ ದೊಡ್ಡಮ್ಮನದು. ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿಲ್ಲ, ಓಣಿಗೆಲ್ಲ ದೊಡ್ಡಮ್ಮ. ಇಬ್ಬರಿಗೂ ಕೈಕೊಟ್ಟದ್ದು ಒಂದೇ ಅಂಗ. ಕಾರಣ ಮಾತ್ರ ಬೇರೆ ಬೇರೆ. ಇಬ್ಬರೂ ಸಾವಿನ ಹತ್ತಿರ ಹೋಗಿ ಬಂದದ್ದು ಒಂದೇ ರೀತಿಯಲ್ಲಿ: ದೇಹಕ್ಕೆ ಬೇಕಾದ ಸ್ಟೀರಾಯ್ಡ್ ಇದ್ದಕ್ಕಿದ್ದಂತೆ ನಿಂತದ್ದರಿಂದ.

ಆ ಅಂಗದ ಹೆಸರು ಅಡ್ರಿನಲ್ ಗ್ರಂಥಿ. ಎರಡು ಕಿಡ್ನಿಗಳ ತಲೆಯ ಮೇಲೆ ಒಂದೊಂದು, ಗದ್ದೆಗೆ ಇಳಿಯುವವರು ಮುಟ್ಟಾಳೆ ಇಟ್ಟುಕೊಂಡ ಹಾಗೆ ಕೂತಿರುತ್ತದೆ. ತೂಕ ತಲಾ 4–5 ಗ್ರಾಂ, ಅಷ್ಟೇ. ಕಿಡ್ನಿಯ ಮೇಲೆಯೇ ಇದ್ದರೂ ಇದು ಮೂತ್ರ ಸೋಸುವ ಕೆಲಸ ಮಾಡುವುದಿಲ್ಲ. ಒಳಗಿನ ತಿರುಳು ಅಡ್ರಿನಲಿನ್ ಮಾಡುತ್ತದೆ. ಕಂಬಳದ ಗದ್ದೆಯ ಬದಿಯಲ್ಲಿ ನಿಂತಾಗ, ಕೋಣಗಳು ಹೊರಟ ಕ್ಷಣ ನಮ್ಮ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ಇದರದ್ದು. ಹೆಸರು ಪಡೆದದ್ದು ಅಡ್ರಿನಲಿನ್ ಆದರೂ ಜೀವ ಹಿಡಿದಿಡುವುದು ಹೊರಗಿನ ಪದರ. ಅಲ್ಲಿ ಮಾಡುವ ಆಲ್ಡೋಸ್ಟಿರೋನ್ ಮೈಯ ಉಪ್ಪು ಮೂತ್ರದಲ್ಲಿ ಸೋರಿಹೋಗದಂತೆ ತಡೆಯುತ್ತದೆ. ಅಲ್ಲಿಯದೇ ಕಾರ್ಟಿಸೋಲ್ ರಕ್ತದೊತ್ತಡ, ಸಕ್ಕರೆ, ಸೋಂಕಿನ ಎದುರಿನ ಹೋರಾಟ ಎಲ್ಲದರಲ್ಲೂ ಕೈ ಇಟ್ಟಿರುತ್ತದೆ. ಅದು ನಾವು ಏಳುವ ಹೊತ್ತಿಗೆ ಜಾಸ್ತಿ, ನಡುರಾತ್ರಿಗೆ ಅತಿ ಕಡಿಮೆ. ಈ ಕಾರ್ಟಿಸೋಲೇ ನಮ್ಮ ದೇಹ ತಾನಾಗಿ ಮಾಡಿಕೊಳ್ಳುವ ಸ್ಟೀರಾಯ್ಡ್. ಅಂದರೆ ಸ್ಟೀರಾಯ್ಡ್ ಇಲ್ಲದ ಮನುಷ್ಯ ಇಲ್ಲ, ಇರಲಿಕ್ಕೂ ಆಗುವುದಿಲ್ಲ. ಇದನ್ನು ಅರ್ಥ ಮಾಡಿಸಲಿಕ್ಕೆ ನಮ್ಮ ನೆಂಟರ ಹತ್ತಿರ ನಾನು ಎಷ್ಟು ಗಂಟಲು ಒಣಗಿಸಿಕೊಂಡಿದ್ದೇನೋ!

ಹೊಗೆಸೊಪ್ಪಿನ ಕಲೆಯಲ್ಲ

ಅಕ್ಕನನ್ನು ಕೊಟ್ಟದ್ದು ಕಾಪು ಕಡೆಗೆ. ಭಾವ ಮುಂಬಯಿಯಲ್ಲಿ, ಅಕ್ಕ ಮನೆಯಲ್ಲಿ ಅತ್ತೆಯ ಜತೆ ಇದ್ದುಕೊಂಡು ಬೀಡಿ ಕಟ್ಟುತ್ತಿದ್ದಳು. 41ನೇ ವಯಸ್ಸಿಗೆ ಸುಸ್ತು ಶುರುವಾಯಿತು. ತುಳುವಿನಲ್ಲಿ ‘ಬಚ್ಚೆಲ್’ ಅಂತ ಒಂದು ಪದ ಉಂಟು. ಹೆಂಗಸರು ‘ಬಚ್ಚೆಲ್’ ಅಂದರೆ ಕೇಳಿದವರು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ, ಯಾಕೆಂದರೆ ಯಾರಿಗೆ ಇಲ್ಲ ಅದು? ಆರೇಳು ತಿಂಗಳಲ್ಲಿ 9 ಕಿಲೋ ಇಳಿದಳು. ರವಕೆಗಳನ್ನೆಲ್ಲ ಎರಡೆರಡು ಸಲ ಹೊಲಿಗೆ ಹಾಕಿ ಚಿಕ್ಕದು ಮಾಡಿಕೊಂಡಳು. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ.

ಅದರ ಜತೆಗೆ ಕಪ್ಪಾಗುತ್ತಾ ಬಂದಳು. ಸಮುದ್ರದ ಬದಿಯ ಬಿಸಿಲು ಅಂದರು. ಅಂಗೈಯ ಗೆರೆಗಳು ಶಾಯಿ ಎಳೆದ ಹಾಗೆ ಕಪ್ಪಾದಾಗ, ಬೀಡಿ ಕಟ್ಟುವ ಕೈಯಲ್ಲವಾ, ಹೊಗೆಸೊಪ್ಪಿನ ಕಲೆ ಅಂದರು. ಎಷ್ಟೋ ವರ್ಷದ ಹಿಂದೆ ಒಲೆಯ ಬೆಂಕಿ ತಾಗಿ ಮಾಸಿಹೋಗಿದ್ದ ಮುಂಗೈ ಕಲೆ ಪುನಃ ಕಪ್ಪಾಗಿ ಎದ್ದಿತು. ಬೆರಳಗಂಟುಗಳು ಕಪ್ಪು. ಒಸಡೂ ಕಪ್ಪು. ಬಾಯಿಯ ಒಳಗೆ ಬಿಸಿಲೂ ಬೀಳುವುದಿಲ್ಲ, ಹೊಗೆಸೊಪ್ಪಿನ ಧೂಳು ಹಾಗೆ ಕಲೆಯನ್ನೂ ಕಟ್ಟುವುದಿಲ್ಲ. ಆದರೆ ಬಾಯಿ ತೆರೆಸಿ ನೋಡುವವರು ಯಾರು?

ಉಪ್ಪಿನ ಕಥೆ ಕೇಳಿದರೆ ನಗು ಬರುತ್ತದೆ. ಗಂಜಿಗೆ ಎಲ್ಲರೂ ಚಿಟಿಕೆ ಹಾಕಿದರೆ ಅಕ್ಕ ಮುಷ್ಟಿ ಹಾಕುತ್ತಿದ್ದಳು. ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿಯ ಭರಣಿಯಿಂದ ಕಾಯಿ ಬಿಟ್ಟು ನೀರು ಕುಡಿಯುತ್ತಿದ್ದಳು. ಮಧ್ಯಾಹ್ನ ಎರಡು ಹರಳು ಕಲ್ಲುಪ್ಪು ಬಾಯಿಗೆ ಹಾಕಿಕೊಂಡು ಬೀಡಿಗೆ ಕೂತುಕೊಳ್ಳುವುದು. ಅವಳ ಅತ್ತೆ ಒಂದು ದಿನ ಗುಟ್ಟಾಗಿ ನನ್ನ ಹತ್ತಿರ, ‘ಇದೆಂತ, ಬಯಕೆಯಾ?’ ಅಂತ ಕೇಳಿದರು. ಈಗ ಯೋಚಿಸಿದರೆ, ಆ ಉಪ್ಪೇ ಅವಳನ್ನು ಅಷ್ಟು ತಿಂಗಳು ನಡೆದಾಡಿಸಿದ್ದು. ಮೈಯಿಂದ ಸೋರಿಹೋಗುತ್ತಿದ್ದ ಉಪ್ಪನ್ನು ಅವಳ ನಾಲಗೆಯೇ ಕೇಳಿ ಕೇಳಿ ತುಂಬಿಸುತ್ತಿತ್ತು. ಗಂಜಿ, ಉಪ್ಪಿನಕಾಯಿ, ಒಣಮೀನು ತಿನ್ನುವ ಕರಾವಳಿಯ ಮನೆಯಲ್ಲಿ ಇಂಥ ಕಾಯಿಲೆ ಸ್ವಲ್ಪ ದಿನ ಅಡಗಿಕೊಂಡಿರುವುದು ಸುಲಭ.

ಒಂದು ಕ್ಲಿನಿಕ್ಕಿನಲ್ಲಿ ಟಾನಿಕ್ ಕೊಟ್ಟರು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿ, ಟಿಎಸ್‌ಎಚ್ ಸ್ವಲ್ಪ ಜಾಸ್ತಿ ಇದೆ, ಥೈರಾಯ್ಡ್ ಅಂದರು. ಮಾತ್ರೆ ಶುರುವಾಗಿ ಎರಡೇ ವಾರದಲ್ಲಿ ಅಕ್ಕ ಹಾಸಿಗೆ ಹಿಡಿದಳು. ಇದನ್ನು ಓದುವವರಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ತುಂಬ ಮಂದಿ ಇರುತ್ತೀರಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಆ ಮಾತ್ರೆಯಲ್ಲಿ ದೋಷವಿಲ್ಲ. ಆದರೆ ಕಾರ್ಟಿಸೋಲ್ ಕಡಿಮೆ ಇರುವವರಲ್ಲಿ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಏರಿರಬಹುದು. ಅಂಥವರಿಗೆ ಮೊದಲೇ ಥೈರಾಯ್ಡ್ ಹಾರ್ಮೋನು ಕೊಟ್ಟರೆ, ದೇಹ ಇದ್ದಬದ್ದ ಕಾರ್ಟಿಸೋಲನ್ನೂ ಬೇಗ ಖರ್ಚು ಮಾಡಿಬಿಡುತ್ತದೆ. ಥೈರಾಯ್ಡ್ ಮಾತ್ರೆ ಶುರುಮಾಡಿದ ಮೇಲೆ ಯಾರಿಗಾದರೂ ವಾಂತಿ, ತಲೆಸುತ್ತು, ಸುಸ್ತು ಹೆಚ್ಚಾದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಮಣಿಪಾಲಕ್ಕೆ ಕರೆದುಕೊಂಡು ಹೋದಾಗ ಬಿಪಿ 80/50. ಎಮರ್ಜೆನ್ಸಿಯಲ್ಲಿದ್ದ ಚಿಕ್ಕ ಪ್ರಾಯದ ಡಾಕ್ಟರಮ್ಮ ಮೊದಲು ಅಂಗೈ ನೋಡಿದರು, ಆಮೇಲೆ ತುಟಿ ಎತ್ತಿ ಒಸಡು ನೋಡಿದರು. ‘ಉಪ್ಪು ತಿನ್ನಬೇಕು ಅನಿಸ್ತದಾ ಅಮ್ಮ?’ ಅಂತ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ರಕ್ತದಲ್ಲಿ ಸೋಡಿಯಂ 121 ಇತ್ತು, 135ಕ್ಕಿಂತ ಮೇಲಿರಬೇಕಾದದ್ದು. ಪೊಟ್ಯಾಸಿಯಂ ಏರಿತ್ತು. ಕಾರ್ಟಿಸೋಲ್‌ಗೆಂದು ರಕ್ತ ತೆಗೆದಿಟ್ಟರು, ಆದರೆ ಫಲಿತಾಂಶ ಬರಲಿ ಅಂತ ಕಾಯಲಿಲ್ಲ. ಅಲ್ಲೇ ಸಲೈನ್ ಹಾಕಿ, ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟರು. ಎರಡು ದಿನದಿಂದ ನೀರು ಕುಡಿದರೂ ಕಾರುತ್ತಿದ್ದವಳು ಸಂಜೆಗೆ ಕಣ್ಣು ಬಿಟ್ಟು, ‘ಗಂಜಿ ಉಂಟಾ?’ ಅಂದಳು. ಕಾರ್ಟಿಸೋಲ್ 1.8 ಬಂತು. ಬೆಳಗ್ಗೆ ಎಂಟು ಗಂಟೆ ಹೊತ್ತಿನ ರಕ್ತದಲ್ಲೇ 3ಕ್ಕಿಂತ ಕಡಿಮೆ ಇದ್ದರೆ ಗ್ರಂಥಿ ಕೆಲಸ ಮಾಡುತ್ತಿಲ್ಲ ಅಂತ ಹೆಚ್ಚುಕಡಿಮೆ ಖಚಿತವಂತೆ. ಜೀವಕ್ಕೇ ಅಪಾಯವಾಗಿ ಬಿದ್ದ ಮನುಷ್ಯನಲ್ಲಿ ಅದು ಇನ್ನೂ ಎಷ್ಟೋ ಪಟ್ಟು ಏರಿರಬೇಕಿತ್ತು.

ಮೈ ಕಪ್ಪಾದದ್ದು ಯಾಕೆ ಅಂತ ನಾನು ಡಾಕ್ಟರನ್ನು ಕೇಳಿದೆ. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಅಂತ ಇನ್ನೊಂದು ಗ್ರಂಥಿ ಇದೆ. ‘ಕಾರ್ಟಿಸೋಲ್ ಮಾಡು’ ಅಂತ ಅಡ್ರಿನಲ್‌ಗೆ ಹೇಳಿಕಳಿಸುವುದು ಅದರ ಕೆಲಸ. ಆ ಕರೆಯ ಹೆಸರು ಎಸಿಟಿಎಚ್. ಕೆಳಗಿನಿಂದ ಉತ್ತರ ಬಾರದಿದ್ದಾಗ ಅದು ಕೂಗುತ್ತಲೇ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಹಾರ್ಮೋನೂ ಈ ಎಸಿಟಿಎಚ್ಚೂ ಒಂದೇ ಮೂಲ ಪ್ರೋಟೀನಿನ ತುಂಡುಗಳು. ಹಾಗಾಗಿ ಆ ಕೂಗು ಚರ್ಮಕ್ಕೂ ಕೇಳಿಸುತ್ತದೆ, ಮೈ ಕಪ್ಪಾಗುತ್ತದೆ.

ಸ್ಕ್ಯಾನ್‌ನಲ್ಲಿ ಎರಡೂ ಗ್ರಂಥಿ ಊದಿಕೊಂಡಿದ್ದವು. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಸಿಕ್ಕಿದ್ದು ಕ್ಷಯ. ಕೆಮ್ಮು ಇಲ್ಲ, ಕಫ ಇಲ್ಲ, ಟಿಬಿ ಎಲ್ಲಿಂದ ಬಂತು ಅಂತ ಮನೆಯವರಿಗೆಲ್ಲ ಆಶ್ಚರ್ಯ. ಶ್ವಾಸಕೋಶದಲ್ಲಿ ಎಂದೋ ಸದ್ದಿಲ್ಲದೆ ಬಂದು ಹೋದ ಕ್ಷಯದ ಕ್ರಿಮಿ ರಕ್ತದ ಮೂಲಕ ಅಡ್ರಿನಲ್‌ಗೆ ಹೋಗಿ ವರ್ಷಗಟ್ಟಲೆ ಅಲ್ಲಿರಬಹುದು. ಸುಮಾರು ನೂರಕ್ಕೆ 90 ಭಾಗ ಹಾಳಾಗುವವರೆಗೆ ಗ್ರಂಥಿ ಏನೂ ತೋರಿಸಿಕೊಳ್ಳುವುದಿಲ್ಲ. ಶ್ರೀಮಂತ ದೇಶಗಳಲ್ಲಿ ಈಗ ಈ ಕಾಯಿಲೆ ಬರುವುದು ಹೆಚ್ಚಾಗಿ ದೇಹ ತನ್ನ ಗ್ರಂಥಿಯ ಮೇಲೆ ತಾನೇ ತಿರುಗಿಬೀಳುವುದರಿಂದ. ನಮ್ಮಲ್ಲಿ ಕ್ಷಯ ಇನ್ನೂ ಮುಖ್ಯ ಕಾರಣ, ಜತೆಗೆ ಬಾವಲಿ, ಹಕ್ಕಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುವ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರವೂ ಒಂದು.

ಕ್ಷಯದ ಮದ್ದಿನಲ್ಲೂ ಒಂದು ಸಿಕ್ಕು. ಮೂತ್ರವನ್ನು ಕಿತ್ತಳೆ ಬಣ್ಣ ಮಾಡುವ ರಿಫಾಂಪಿಸಿನ್ ಮಾತ್ರೆ ಗೊತ್ತಲ್ಲ, ಅದು ಪಿತ್ತಜನಕಾಂಗವನ್ನು ಚುರುಕು ಮಾಡಿ, ನುಂಗಿದ ಹೈಡ್ರೋಕಾರ್ಟಿಸೋನನ್ನು ಬೇಗ ಕರಗಿಸಿಬಿಡುತ್ತದೆ. ಆ ಮಾತ್ರೆ ನಡೆದಷ್ಟು ತಿಂಗಳು ಅಕ್ಕನಿಗೆ ಸ್ಟೀರಾಯ್ಡ್ ಜಾಸ್ತಿ ಕೊಡಬೇಕಾಯಿತು. ಕ್ಷಯ ಪೂರ್ತಿ ಗುಣವಾಯಿತು. ಗ್ರಂಥಿ ಮಾತ್ರ ಮರಳಿ ಬರಲಿಲ್ಲ. ಸಾಮಾನ್ಯವಾಗಿ ಬರುವುದೂ ಇಲ್ಲ.

ಅಧ್ಯಕ್ಷರೂ ಬಚ್ಚಿಟ್ಟ ಕಾಯಿಲೆ

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್. 1855ರಲ್ಲಿ ಅವರು 11 ರೋಗಿಗಳ ವಿವರ ಬರೆದರು: ಸುಸ್ತು, ವಾಂತಿ, ಚರ್ಮ ಕಪ್ಪಾಗುವುದು, ಸತ್ತ ಮೇಲೆ ತೆರೆದು ನೋಡಿದರೆ ಹಾಳಾದ ಅಡ್ರಿನಲ್. ಅವರಲ್ಲೂ ಹಲವರಿಗೆ ಕ್ಷಯವೇ ಇತ್ತು. ಮುಂದೆ ಸುಮಾರು ನೂರು ವರ್ಷ, ಅಡಿಸನ್ಸ್ ಕಾಯಿಲೆ ಅಂದರೆ ಬದುಕುವುದು ಕಷ್ಟ ಅಂತಲೇ ಲೆಕ್ಕ. ಗ್ರಂಥಿಯ ಹೊರಪದರದ ಹಾರ್ಮೋನುಗಳನ್ನು ಬಿಡಿಸಿ ತೋರಿಸಿದ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಂತು. ಕೀಲುನೋವಿನಿಂದ ಎದ್ದು ನಡೆಯಲಾಗದವರು ಕಾರ್ಟಿಸೋನ್ ಕೊಟ್ಟ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದ್ದನ್ನು 1948ರಲ್ಲಿ ಹೆಂಚ್ ಅವರ ತಂಡ ನೋಡಿತ್ತು. ನಮ್ಮ ದೊಡ್ಡಮ್ಮನ ಪುಡಿಯ ಕಥೆ ಒಂದು ಲೆಕ್ಕದಲ್ಲಿ ಅಲ್ಲಿಂದಲೇ ಶುರು.

ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಅವರಿಗೂ ಇದೇ ಕಾಯಿಲೆ. 1947ರಲ್ಲಿ ಲಂಡನ್ನಿಗೆ ಹೋಗಿದ್ದಾಗ ಕುಸಿದುಬಿದ್ದು ಗೊತ್ತಾದದ್ದು. 1954ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಆದಾಗ, ಅಡ್ರಿನಲ್ ಕೆಲಸ ಮಾಡದವರಿಗೆ ಆಪರೇಷನ್ ಮಾಡುವುದು ಹೇಗೆ ಅಂತ ಡಾಕ್ಟರುಗಳು ಮರುವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ‘37 ವರ್ಷದ ಪುರುಷ’ ಅಂತ ಮಾತ್ರ ಇತ್ತು, ಹೆಸರಿಲ್ಲ. 1960ರ ಚುನಾವಣೆಯಲ್ಲಿ ವಿರೋಧಿಗಳು ಎತ್ತಿ ಆಡಿದಾಗ ಅವರ ಕಡೆಯವರು ಅಂಥದ್ದೇನೂ ಇಲ್ಲ ಅಂದರು. ಸಮುದ್ರದ ಬಿಸಿಲಲ್ಲಿ ಕಂದಿದ ಆರೋಗ್ಯವಂತ ಯುವಕ ಅಂತ ಜನ ಮೆಚ್ಚಿದ ಆ ಬಣ್ಣದಲ್ಲಿ ಕಾಯಿಲೆಯ ಪಾಲೂ ಇದ್ದಿರಬೇಕು.

ಕೆನಡಿ ಬಚ್ಚಿಟ್ಟದ್ದು ಓಟಿಗಾಗಿ. ಅಕ್ಕ ಬಚ್ಚಿಟ್ಟದ್ದು ಜನರ ಬಾಯಿಗೆ ಹೆದರಿ. ಮನೆಗೆ ವಾಪಸಾದ ಮೇಲೆ ಬೀಡಿಯ ತಡ್ಪೆಯ ಅಡಿಯಲ್ಲಿ ಮಾತ್ರೆಯ ಪಟ್ಟಿ ಇಟ್ಟುಕೊಂಡು ಯಾರೂ ಇಲ್ಲದಾಗ ನುಂಗುತ್ತಿದ್ದಳು. ಬಂದವರೊಬ್ಬರು, ‘ಸ್ಟೀರಾಯ್ಡ್ ಅಂದರೆ ನಿಧಾನ ವಿಷ’ ಅಂದರು. ಇನ್ನೊಬ್ಬರು, ಅಷ್ಟಮಿಯ ಉಪವಾಸದ ದಿನ ಮದ್ದು ಮುಟ್ಟಬಾರದು ಅಂದರು. ಆ ವರ್ಷ ಅಷ್ಟಮಿಯಂದು ನೀರೂ ಇಲ್ಲ, ಮಾತ್ರೆಯೂ ಇಲ್ಲ. ವಿಟ್ಲಪಿಂಡಿಯ ದಿನ ಬೆಳಗ್ಗೆ ತಲೆಸುತ್ತು, ಆಗಲೂ ಮಾತ್ರೆ ಕೊಡಬೇಡಿ ಅಂದವರು ಇದ್ದರು. ಮಧ್ಯಾಹ್ನ ರಥಬೀದಿಯಲ್ಲಿ ಮೊಸರುಕುಡಿಕೆ ಒಡೆಯುವ ಹೊತ್ತಿಗೆ ನಾವು ಮತ್ತೆ ಎಮರ್ಜೆನ್ಸಿಯಲ್ಲಿ. ಅದಾದ ಮೇಲೆ ಅವಳನ್ನು ಅಲೆವೂರಿಗೆ ಕರೆತಂದೆವು. ಇಲ್ಲಿಂದ ಮಣಿಪಾಲ ಹತ್ತಿರ, ಮಾತ್ರೆ ಬಚ್ಚಿಡಬೇಕಾಗಿಯೂ ಇಲ್ಲ.

ಅಕ್ಕ ಈಗ ತೆಗೆದುಕೊಳ್ಳುವುದು ದಿನಕ್ಕೆ 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್. ಎದ್ದ ಕೂಡಲೇ 10, ಮಧ್ಯಾಹ್ನ 5, ಸಂಜೆ 5. ಉಪ್ಪು ಹಿಡಿದಿಡಲು ಫ್ಲೂಡ್ರೋಕಾರ್ಟಿಸೋನ್ ಬೇರೆ. ದೇಹ ಮಾಡಿಕೊಳ್ಳಬೇಕಾದದ್ದನ್ನು ಅಷ್ಟೇ ಲೆಕ್ಕದಲ್ಲಿ ತುಂಬಿಸುವುದು ಇದು, ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡ ಹಾಗೆ. ಈ ಪ್ರಮಾಣದಲ್ಲಿ ಮುಖ ಊದುವುದಿಲ್ಲ, ಕಿಡ್ನಿಯೂ ಹೋಗುವುದಿಲ್ಲ. ಮೈಬಣ್ಣ ತಿಂಗಳುಗಳಲ್ಲಿ ತಿಳಿಯಾಯಿತು. ಅಂಗೈ ಗೆರೆಗಳು ಕೊನೆಗೆ.

ದೊಡ್ಡಮ್ಮ ‘ಚಂದ’ ಆದದ್ದು

ದೊಡ್ಡಮ್ಮನಿಗೆ ಈಗ 70ರ ಹತ್ತಿರ. 2008ರಲ್ಲಿ ನಮ್ಮ ಕರಾವಳಿಯಲ್ಲಿ ಚಿಕೂನ್‌ಗುನ್ಯಾ ಬಂದಿತ್ತಲ್ಲ, ಆಗ ಹಿಡಿದ ಗಂಟುನೋವು ಅವರನ್ನು ಬಿಡಲೇ ಇಲ್ಲ. ತಿಂಗಳಿಗೊಮ್ಮೆ ಬೈಕಿನಲ್ಲಿ ಒಬ್ಬ ಬರುತ್ತಿದ್ದ, ಹೆಸರಿಲ್ಲದ, ಚೀಟಿಯಿಲ್ಲದ ಪೊಟ್ಟಣ ಕೊಡುತ್ತಿದ್ದ. ‘ನಾಟಿ ಮದ್ದು, ಏನೂ ತೊಂದರೆ ಇಲ್ಲ’. ತಿಂದ ಎರಡನೇ ದಿನಕ್ಕೇ ದೊಡ್ಡಮ್ಮ ಬಾವಿಯಿಂದ ನೀರು ಸೇದಿದರು. ನಾಟಿ ಮದ್ದು ಕೊಡುವ ಒಳ್ಳೆಯವರು ನಮ್ಮ ಕಡೆ ಇದ್ದಾರೆ, ನನಗೆ ಅವರ ಮೇಲೆ ಗೌರವವೂ ಉಂಟು. ಆದರೆ ಹತ್ತು ವರ್ಷದ ಗಂಟುನೋವು ಎರಡು ದಿನದಲ್ಲಿ ಮಾಯವಾದರೆ ಆ ಪುಡಿಯೊಳಗೆ ಬೇರೇನೋ ಇದೆ ಎಂದೇ ತಿಳಿಯಬೇಕು. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಬೆರೆಸಿದ್ದನ್ನು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ.

ಮೂರು ವರ್ಷ ತಿಂದರು. ಕೆನ್ನೆ ತುಂಬಿಕೊಂಡಿತು, ಮದುವೆಮನೆಯಲ್ಲಿ ‘ದೊಡ್ಡಮ್ಮ ಚಂದ ಆಗಿದ್ದೀರಿ’ ಅಂದವರೂ ಇದ್ದರು. ಹೊಟ್ಟೆ ದಪ್ಪ, ಕೈಕಾಲು ಸಪೂರ. ಬಳೆ ತಾಗಿದಲ್ಲೆಲ್ಲ ನೀಲಿ ಕಲೆ. ಸಕ್ಕರೆ ಬಂತು, ಬಿಪಿ ಬಂತು. ಹಾರ್ವೆ ಕುಶಿಂಗ್ ಎಂಬ ಅಮೆರಿಕದ ವೈದ್ಯರು 1912ರಲ್ಲಿ 23 ವರ್ಷದ ಒಬ್ಬ ಯುವತಿಯಲ್ಲಿ ಇದೇ ಚಿತ್ರವನ್ನು ವಿವರಿಸಿದ್ದರು. ದೇಹದ ಒಳಗೇ ಕಾರ್ಟಿಸೋಲ್ ಮಿತಿಮೀರಿದರೆ ಬರುವ ಆ ಕಾಯಿಲೆಗೆ ಅವರದೇ ಹೆಸರಿದೆ, ಅದು ಅಪರೂಪದ್ದು. ಹೊರಗಿನಿಂದ ತಿಂದು ಬರಿಸಿಕೊಳ್ಳುವ ಕುಶಿಂಗ್ ಮಾತ್ರ ಏನೂ ಅಪರೂಪವಲ್ಲ.

ನರ್ಸಿಂಗ್ ಓದುವ ಮೊಮ್ಮಗಳು ರಜೆಗೆ ಬಂದವಳು ಅಜ್ಜಿಯ ಮುಖ ನೋಡಿ, ಪೊಟ್ಟಣ ನೋಡಿ, ‘ಅಜ್ಜೀ, ಇದರಲ್ಲಿ ಸ್ಟೀರಾಯ್ಡ್ ಇರಬಹುದು, ಡಾಕ್ಟರ ಹತ್ತಿರ ಹೋಗುವ’ ಅಂದಳು. ದೊಡ್ಡಮ್ಮನ ಕಿವಿಗೆ ಬಿದ್ದದ್ದು ವಾಕ್ಯದ ಮೊದಲರ್ಧ ಮಾತ್ರ. ಅಂದೇ ಇದ್ದ ಪೊಟ್ಟಣಗಳನ್ನೆಲ್ಲ ತೋಡಿಗೆ ಎಸೆದು ಬಂದರು. ನಾಲ್ಕನೇ ದಿನ ಮೈಕೈ ನೋವು, ಜ್ವರ ಬಂದ ಹಾಗೆ. ಆರನೇ ದಿನ ವಾಂತಿ. ಬಚ್ಚಲಿಗೆ ಹೋದವರು ಅಲ್ಲೇ ಬಿದ್ದರು. ಆಂಬುಲೆನ್ಸ್ ಬರುವಷ್ಟರಲ್ಲಿ ಮಾತು ತೊದಲುತ್ತಿತ್ತು. ಬೇಲಿ ದಾಟಿ ಓಡಿದವಳು ನಮ್ಮ ಅಕ್ಕ, ‘ಇವರಿಗೂ ನನ್ನ ಹಾಗೇ ಆದದ್ದು, ಆ ಇಂಜೆಕ್ಷನ್ ಹಾಕಲಿಕ್ಕೆ ಹೇಳಿ’ ಅಂತ ಹೇಳಿಯೇ ಹೇಳಿದಳು. ಅವಳ ಮಾತು ಸರಿಯಾಗಿತ್ತು.

ನಡೆದದ್ದು ಇಷ್ಟು. ದಿನಾ ಹೋಟೆಲಿನಿಂದ ಊಟ ಬರುತ್ತಿದ್ದರೆ ಮನೆಯ ಒಲೆಗೆ ಬೆಂಕಿ ಹಾಕುವವರಿಲ್ಲ. ಹೊರಗಿನಿಂದ ಸ್ಟೀರಾಯ್ಡ್ ಧಾರಾಳ ಬರುವುದನ್ನು ಕಂಡ ಪಿಟ್ಯುಟರಿ ಕರೆ ಕಳಿಸುವುದನ್ನು ನಿಲ್ಲಿಸುತ್ತದೆ, ಕೆಲಸವಿಲ್ಲದ ಅಡ್ರಿನಲ್ ಸೊರಗಿ ತೆಳುವಾಗುತ್ತದೆ. ಒಂದು ದಿನ ಹೋಟೆಲ್ ಬಂದ್. ಆ ಒಲೆ ಮತ್ತೆ ಹೊತ್ತಿಕೊಳ್ಳಲು ತಿಂಗಳುಗಳು ಬೇಕು, ಕೆಲವರಿಗೆ ಒಂದು ವರ್ಷಕ್ಕೂ ಹೆಚ್ಚು. ಅಕ್ಕನ ಹಾಗೆ ದೊಡ್ಡಮ್ಮ ಕಪ್ಪಾಗಿರಲಿಲ್ಲ, ಯಾಕೆಂದರೆ ಇಲ್ಲಿ ಪಿಟ್ಯುಟರಿ ಕೂಗುತ್ತಲೇ ಇರಲಿಲ್ಲ. ಉಪ್ಪಿನ ಆಸೆಯೂ ಇರಲಿಲ್ಲ. ಉಪ್ಪಿನ ಹಾರ್ಮೋನು ಹೆಚ್ಚಾಗಿ ಕಿಡ್ನಿಯ ಮಾತು ಕೇಳುವಂಥದ್ದು, ಅದು ಇವರಲ್ಲಿ ಸರಿಯಾಗಿಯೇ ಇತ್ತು. ಹಾಗಾಗಿ ಇಂಥವರನ್ನು ಮುಖ ನೋಡಿ ಗುರುತಿಸುವುದು ಇನ್ನೂ ಕಷ್ಟ.

ವಾರ್ಡಿನಲ್ಲಿ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟಾಗ ದೊಡ್ಡಮ್ಮನಿಗೆ ಬಂದ ಸಿಟ್ಟು ನೋಡಬೇಕಿತ್ತು. ‘ವಿಷ ಬಿಡಿಸಲಿಕ್ಕೆ ಬಂದವಳಿಗೆ ಪುನಃ ಅದೇ ವಿಷ ಕೊಡ್ತೀರಾ ಡಾಕ್ಟ್ರೇ?’ ಅವರು ಸಮಾಧಾನದಲ್ಲಿ, ‘ಬಿಡಿಸುವ ಅಮ್ಮ, ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ. ನೀವು ಮಾಳಿಗೆಯಿಂದ ಹಾರಿದ್ದೀರಿ’ ಅಂದರು.

ಲೆಕ್ಕ ಗೊತ್ತಿದ್ದರೆ ಒಳ್ಳೆಯದು. 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್, 5 ಮಿಲಿಗ್ರಾಂ ಪ್ರೆಡ್ನಿಸೋಲೋನ್, 0.75 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಮೂರೂ ಹೆಚ್ಚುಕಡಿಮೆ ಸಮ. ಇದಕ್ಕಿಂತ ಹೆಚ್ಚು ಪ್ರಮಾಣವನ್ನು ಮೂರು-ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರ ಗ್ರಂಥಿ ನಿದ್ರೆಗೆ ಜಾರಿರಬಹುದು. ಅಂಥವರು ತಾವಾಗಿ ಒಮ್ಮೆಗೇ ಬಿಡಬಾರದು. ಕೋವಿಡ್ ಕಾಲದಲ್ಲಿ ಈ ಹೆಸರುಗಳೆಲ್ಲ ಮನೆಮಾತಾಗಿದ್ದವು. ಆಮ್ಲಜನಕ ಬೇಕಾದಷ್ಟು ಕಾಯಿಲೆಯಾದವರಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ 10 ದಿನದವರೆಗೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಅಂತ 2020ರ ಜೂನ್‌ನಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು. ಅಂದರೆ ದೇಹದ ದಿನದ ಅಗತ್ಯದ ಎಂಟು ಪಟ್ಟು. ಜೀವ ಉಳಿಸಿದ ಮದ್ದು ಅದು. ಆದರೆ ಅದೇ ಚೀಟಿ ಮೊಬೈಲಿನಿಂದ ಮೊಬೈಲಿಗೆ ಹೋಗಿ, ಆಮ್ಲಜನಕ ಸರಿಯಿದ್ದವರೂ, ಸಕ್ಕರೆ ಕಾಯಿಲೆಯವರೂ ವಾರಗಟ್ಟಲೆ ತಿಂದರು. 2021ರಲ್ಲಿ ಕಪ್ಪು ಶಿಲೀಂಧ್ರ ಅಂತ ನಾವು ಹೆದರಿದ್ದರ ಹಿಂದೆ ಹತೋಟಿ ತಪ್ಪಿದ ಸಕ್ಕರೆಯ ಜತೆ ಇದರ ಪಾಲೂ ಇತ್ತು. ಮುಖಕ್ಕೆ ಹಚ್ಚುವ ಟ್ಯೂಬುಗಳ ಹಾವಳಿ ನೋಡಿ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿತು. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳುತ್ತಾರಾ ಅನ್ನುವುದನ್ನು ನೀವೇ ಹೋಗಿ ನೋಡಬಹುದು.

ಇನ್ನು ಕೆಲವು ಸಂಗತಿ

ಈ ಗ್ರಂಥಿಯ ಬೇರೆ ತೊಂದರೆಗಳೂ ಇವೆ, ಚುಟುಕಾಗಿ ಹೇಳುತ್ತೇನೆ. ಮೂರು ಬಗೆಯ ಮಾತ್ರೆ ತಿಂದರೂ ಇಳಿಯದ ಬಿಪಿ, ಪೊಟ್ಯಾಸಿಯಂ ಕಡಿಮೆಯಾಗಿ ಕಾಲಿನ ಸೋಲು ಇದ್ದರೆ ಆಲ್ಡೋಸ್ಟಿರೋನ್ ಹೆಚ್ಚಾಗಿರಬಹುದು. ಇದನ್ನು 1955ರಲ್ಲಿ ಜೆರೋಮ್ ಕಾನ್ ವಿವರಿಸಿದರು, ಬಿಪಿ ಇರುವ ನೂರರಲ್ಲಿ ಐದರಿಂದ ಹತ್ತು ಮಂದಿಗೆ ಇದೇ ಕಾರಣ ಅನ್ನುತ್ತಾರೆ. ತಲೆ ಸಿಡಿಯುವ ನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೆ ಬಂದು ಬಂದು ಹೋಗುತ್ತಿದ್ದರೆ ಅಡ್ರಿನಲಿನ್ ಮಾಡುವ ಗಡ್ಡೆ ಇದೆಯಾ ಅಂತ ನೋಡಬೇಕು, ಅದು ಅಪರೂಪ.

ಮಕ್ಕಳದ್ದು ಮಾತ್ರ ಚುಟುಕಾಗಿ ಮುಗಿಸುವಂಥದ್ದಲ್ಲ. ಕೆಲವು ಶಿಶುಗಳಲ್ಲಿ ಕಾರ್ಟಿಸೋಲ್ ಮಾಡಲು ಬೇಕಾದ ಒಂದು ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲ. ಕಚ್ಚಾವಸ್ತುವೆಲ್ಲ ಗಂಡು ಹಾರ್ಮೋನಿನ ಕಡೆ ತಿರುಗುತ್ತದೆ. ಹೆಣ್ಣುಮಗುವಾದರೆ ಜನನಾಂಗ ನೋಡಿ ಹೆಣ್ಣೋ ಗಂಡೋ ಅಂತ ಗೊಂದಲವಾಗುತ್ತದೆ, ಮನೆಯವರು ನಾಚಿ ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟ ಒಂದು ವಾರದಲ್ಲಿ ಮಗುವಿನ ಜೀವವೇ ಹೋಗಬಹುದು. ಗಂಡುಮಗು ನೋಡಲು ಸರಿಯಾಗಿಯೇ ಇರುತ್ತದೆ, ಆದ್ದರಿಂದ ಅಪಾಯ ಇನ್ನೂ ಜಾಸ್ತಿ. ಎರಡನೇ ವಾರದ ಹೊತ್ತಿಗೆ ಹಾಲು ಬಿಟ್ಟು, ಕಾರಿ, ತೂಕ ಇಳಿದು, ಉಪ್ಪು ಸೋರಿ ಸಾಯುತ್ತದೆ. ‘ಬಾಲಗ್ರಹ’ ಅಂತ ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿ ಮುಗಿಸಿದ್ದಾರೋ. ಹಿಮ್ಮಡಿ ಚುಚ್ಚಿ ತೆಗೆದ ಎರಡು ಹನಿ ರಕ್ತದಲ್ಲಿ ಇದನ್ನು ಕಂಡುಹಿಡಿಯಬಹುದು. ಹೆರಿಗೆಯಾದ ಮನೆಯವರು ಡಿಸ್ಚಾರ್ಜ್ ಆಗುವ ಮೊದಲು ಮಕ್ಕಳ ಡಾಕ್ಟರ ಹತ್ತಿರ ಆ ಪರೀಕ್ಷೆ ಕೇಳಿ. ಹೀಗೆ ಹುಟ್ಟಿದ ಮಕ್ಕಳು ಮಾತ್ರೆ ತೆಗೆದುಕೊಂಡು ಶಾಲೆಗೆ ಹೋಗುತ್ತಾರೆ, ಆಡುತ್ತಾರೆ, ದೊಡ್ಡವರಾಗುತ್ತಾರೆ.

ಮೊಬೈಲಿನಲ್ಲಿ ಈಗ ‘ಅಡ್ರಿನಲ್ ದಣಿವು’, ‘ಕಾರ್ಟಿಸೋಲ್ ಮುಖ’ ಅಂತ ಹೇಳಿ ಪುಡಿ, ಜ್ಯೂಸು ಮಾರುವವರು ಬಂದಿದ್ದಾರೆ. ಒತ್ತಡದಿಂದ ಅಡ್ರಿನಲ್ ಸುಸ್ತಾಗುತ್ತದೆ ಎಂಬ ಕಾಯಿಲೆಯೇ ಇಲ್ಲ ಅಂತ ಹಾರ್ಮೋನು ತಜ್ಞರ ಸಂಘಗಳು ಹೇಳುತ್ತವೆ. ಸುಸ್ತಾದವರಿಗೆ ಕಾರ್ಟಿಸೋಲ್ ಪರೀಕ್ಷೆ ಬೇಕೋ ಬೇಡವೋ ಅಂತ ಡಾಕ್ಟರು ಹೇಳಲಿ.

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇವೆ, ಅಕ್ಕನ ಡಾಕ್ಟರು ಹೇಳಿ ಬರೆಸಿದ್ದು. ಜ್ವರ 100 ದಾಟಿದರೆ ಮಾತ್ರೆ ಎರಡು ಪಟ್ಟು, 102 ದಾಟಿದರೆ ಮೂರು ಪಟ್ಟು, ಜ್ವರ ಬಿಟ್ಟ ಮೇಲೆ ಮೊದಲಿನ ಹಾಗೆ. ಸರಿಯಿರುವ ಅಡ್ರಿನಲ್ ಜ್ವರ ಬಂದಾಗ ತಾನಾಗಿ ಮಾಡುವುದನ್ನು ನಾವು ಕೈಯಿಂದ ಮಾಡುವುದು, ಅಷ್ಟೆ. ಹಲ್ಲು ಕೀಳಿಸುವಾಗ, ಆಪರೇಷನ್ನಿನ ಮೊದಲು ಹೇಳಬೇಕು. ವಾಂತಿ-ಭೇದಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯದೆ ಇಂಜೆಕ್ಷನ್‌ಗೆ ಹೋಗಬೇಕು. ಡೆಂಗಿ, ಇಲಿಜ್ವರ ಎಲ್ಲ ಇರುವ ನಮ್ಮ ಮಳೆಗಾಲದಲ್ಲಿ ಈ ಕಾಗದ ಆಗಾಗ ಕೆಲಸಕ್ಕೆ ಬಂದಿದೆ. ಉಪವಾಸ ಮಾಡುವುದಿದ್ದರೆ, ಏಕಾದಶಿಯಾಗಲಿ ರಂಜಾನ್ ಆಗಲಿ, ಮೊದಲು ಡಾಕ್ಟರ ಹತ್ತಿರ ಮಾತಾಡಬೇಕು. ಅಕ್ಕ ಈಗ ಅಷ್ಟಮಿಗೆ ಮಾತ್ರೆ, ನೀರು, ಉಪ್ಪು ಹಾಕಿದ ಮಜ್ಜಿಗೆ ಬಿಡುವುದಿಲ್ಲ. ಕೃಷ್ಣನಿಗೆ ಅದರಿಂದ ಬೇಸರ ಆದ ಹಾಗೆ ಕಾಣುವುದಿಲ್ಲ.

ಅವಳ ಮೊಬೈಲಿನ ಕವರಿನೊಳಗೆ ಒಂದು ಕಾರ್ಡು ಇದೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಬೇಕಾದವರು ಹೀಗೇ ಬರೆದಿಟ್ಟುಕೊಳ್ಳಿ:

‘ನನಗೆ ಅಡ್ರಿನಲ್ ಕೊರತೆ ಇದೆ. ದಿನವೂ ಹೈಡ್ರೋಕಾರ್ಟಿಸೋನ್ ತೆಗೆದುಕೊಳ್ಳುತ್ತೇನೆ. ನನಗೆ ಪ್ರಜ್ಞೆ ತಪ್ಪಿದ್ದರೆ, ವಾಂತಿಯಾಗುತ್ತಿದ್ದರೆ, ಅಪಘಾತವಾಗಿದ್ದರೆ ತಡಮಾಡದೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಮತ್ತು ಸಲೈನ್ ಕೊಡಿ.’

ಆ ಇಂಜೆಕ್ಷನ್ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಸಿಗುವಂಥದ್ದಲ್ಲ. ಉಬ್ಬಸಕ್ಕೆ, ಅಲರ್ಜಿಗೆ ಕೊಡುವುದೂ ಅದನ್ನೇ, ಸಣ್ಣ ಆಸ್ಪತ್ರೆಗಳೂ ಇಟ್ಟಿರುತ್ತವೆ. ಕೇಳುವವರು ಬೇಕು.

ದೊಡ್ಡಮ್ಮನಿಗೂ ಅಂಥದ್ದೇ ಕಾರ್ಡು ಮಾಡಿಕೊಟ್ಟಿದ್ದೇನೆ, ಅವರದ್ದರಲ್ಲಿ ಪ್ರೆಡ್ನಿಸೋಲೋನ್ ಅಂತ ಬರೆದಿದೆ. ಮಂಡಿನೋವಿಗೆ ಈಗ ಬೇರೆ ಮದ್ದು, ಸಂಜೆ ಸ್ವಲ್ಪ ವ್ಯಾಯಾಮ. ಬೈಕಿನವನು ಮತ್ತೊಮ್ಮೆ ಬಂದಿದ್ದ, ದೊಡ್ಡಮ್ಮ ಹಿಡಿಸೂಡಿ ಹಿಡಿದುಕೊಂಡೇ ಮಾತಾಡಿಸಿದರಂತೆ. ಮಾತ್ರೆ 4 ಮಿಲಿಗ್ರಾಂಗೆ ಇಳಿದಿದೆ. ಆಗಾಗ ಬೆಳಗ್ಗೆ ಎಂಟು ಗಂಟೆಗೆ, ಅಂದಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು. ಮೊದಲ ಸಲ ಕಾರ್ಟಿಸೋಲ್ 2.1 ಇತ್ತು. ಆರು ತಿಂಗಳಿಗೆ 6.4 ಆಯಿತು. ಕಳೆದ ಸಲ 8.9. ‘10 ದಾಟಲಿ, ನಿಲ್ಲಿಸುವ ಬಗ್ಗೆ ಆಗ ನೋಡುವ’ ಅಂದಿದ್ದಾರೆ ಡಾಕ್ಟರು. ಮುಂದಿನ ಪರೀಕ್ಷೆ ಚೌತಿ ಕಳೆದ ಮೇಲೆ. ಬೆಳಗ್ಗಿನ ಬಸ್ಸಿಗೆ ಅಕ್ಕನೂ ಜತೆಗೆ ಹೋಗುತ್ತಾಳೆ, ಅವಳಿಗೂ ಅಂದೇ ಸೋಡಿಯಂ ನೋಡಿಸಲಿಕ್ಕುಂಟು.